ಹನ್ನೆರಡು ಸಿಲಿಂಡರಿನ ವೈನಿ

ಹೋದ ಚಳಿಗಾಲದಲ್ಲಿ ಹುಬ್ಬಳ್ಳಿಯ ಮೈದಾನವೊಂದರಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಮಂದಿಗೆ ತೋರಿಸುತ್ತಿದ್ದರು. ಮೊಮ್ಮಗಳು ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲೊಂದು ಕೆಂಪು ಕಾರು. ಎಪ್ಪತ್ತರ ದಶಕದ ಶುರುವಿನಲ್ಲಿ ವಿಲಾಯತಿಯಲ್ಲಿ ತಯಾರಾದದ್ದಂತೆ. ಇಬ್ಬರು ಕೂತರೆ ಮುಗಿಯಿತು, ಉಳಿದದ್ದೆಲ್ಲ ಬರೀ ಮೂಗು. ಅದರ ಮಾಲೀಕರು, ಕಪ್ಪು ಕನ್ನಡಕ ಹಾಕಿದ ಗೃಹಸ್ಥರು, ಬಾನೆಟ್ಟು ಎತ್ತಿ ತೋರಿಸಿ, "ಹನ್ನೆರಡು ಸಿಲಿಂಡರ್ ಐತ್ರಿ ಅಜ್ಜಿ," ಎಂದರು. ನಾನು, "ಹನ್ನೆರಡೂ ಓಡ್ತಾವೇನ್ರಿ?" ಎಂದು ಕೇಳಿಬಿಟ್ಟೆ. ಅವರ ಮುಖ ಸಣ್ಣದಾಯಿತು. ಮೊಮ್ಮಗಳು ನನ್ನ ಕೈ ಚಿವುಟಿದಳು. ನಾನೇನು ಮಾಡಲಿ? ನನ್ನ ಜೀವಮಾನದಲ್ಲಿ ನಾನು ಹತ್ತಿರದಿಂದ ಕಂಡ ಹನ್ನೆರಡು ಸಿಲಿಂಡರಿನ ಕಾರು ಒಂದೇ ಒಂದು, ಅದು ಎಷ್ಟೋ ವರ್ಷ ಆರರ ಮೇಲೆಯೇ ಓಡಿತ್ತು. ಮನೆಗೆ ಬಂದ ಮೇಲೂ ಅವತ್ತು ಒಂದು ಕಡೆ ಕೂಡಲಾಗಲಿಲ್ಲ. ಅಡಿಗೆಮನೆಗೆ ಹೋದೆ, ಅಂಗಳಕ್ಕೆ ಬಂದೆ, ಮತ್ತೆ ಒಳಗೆ ಹೋದೆ. ವೈನಿ ನನ್ನ ಮೈಮೇಲೆ ಬಂದಿದ್ದರೆಂದು ಕಾಣುತ್ತದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿಯೇನಲ್ಲ. ಧಾರವಾಡದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ. ಓಣಿಯೆಲ್ಲ ಅವರನ್ನು ವೈನಿ ಎನ್ನುತ್ತಿತ್ತು, ನಾನೂ ಅಂದೆ. ಅವರಿಗೊಂದು ಹೆಸರಿತ್ತು. ಅದನ್ನು ಹಿಡಿದು ಕರೆಯುವವರು ಆಗಲೇ ಯಾರೂ ಉಳಿದಿರಲಿಲ್ಲ. ನಾನೊಬ್ಬಳು ಈಗ ಕರೆದು ಏನು ಮಾಡುವುದಿದೆ, ಹಾಗೇ ಇರಲಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರಿ ಸಿಕ್ಕು ನಾನು ಗದಗಿನಿಂದ ಟ್ರಂಕು, ಹಾಸಿಗೆ ಸುರುಳಿಯ ಜೊತೆ ಬಂದಿಳಿದಿದ್ದೆ. ವೈನಿ ನಲವತ್ತೈದು ದಾಟಿದವರು. ಯಜಮಾನರು ತೀರಿಕೊಂಡು ಎರಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನಗೆ ಕೋಣೆ ತೋರಿಸುವಾಗಲೂ ಅವರು ಒಂದು ಬಾಗಿಲಿಂದ ಹೊಕ್ಕು ಇನ್ನೊಂದು ಬಾಗಿಲಿಂದ ಹೊರಬಿದ್ದರು. "ಊಟ ಹೊರಗೋ ಮನ್ಯಾಗೋ?" ಎಂದು ಕೇಳಿದ್ದು ಕೋಣೆಯಲ್ಲಿ, ನಾನು "ಮನ್ಯಾಗ್ರಿ" ಎಂದು ಉತ್ತರ ಕೊಟ್ಟಾಗ ಅವರು ಹಿತ್ತಲಲ್ಲಿದ್ದರು.

ಇಷ್ಟು ಚಡಪಡಿಸುವ ಜೀವವನ್ನು ನಾನು ಮತ್ತೆಲ್ಲೂ ನೋಡಲಿಲ್ಲ. ಊಟ ನಿಂತುಕೊಂಡೇ. ಅವರೆಕಾಯಿ ಬಿಡಿಸುವುದು ಪಡಸಾಲೆಯಲ್ಲಿ ಅಡ್ಡಾಡುತ್ತ. ಸಿಪ್ಪೆಯ ಜಾಡು ಹಿಡಿದು ಹೋದರೆ ಅವರು ಎಲ್ಲಿದ್ದಾರೆಂದು ತಿಳಿಯುತ್ತಿತ್ತು. ಸಂಜೆ ಸ್ಟೇಷನ್ನಿಗೆ ಹೋಗಿ ಪುಣೆಯ ಗಾಡಿ ಬರುವುದನ್ನು ನೋಡಿ ವಾಪಸು ಬರುತ್ತಿದ್ದರು. "ಯಾರ್ ಬರೋರಿದ್ರು ವೈನಿ?" ಎಂದರೆ, "ಯಾರೂ ಇಲ್ಲ. ಗಾಡಿ ಬರತೈತಲ್ಲ, ಅಷ್ಟು ಸಾಕು," ಎನ್ನುವರು. ಅವರದೇ ಒಂದು ಗಾದೆ ಇತ್ತು: "ಕುಂತವರಿಗೆ ಹರಟಿ, ನಿಂತವರಿಗೆ ಹಾದಿ." ಅದನ್ನು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಎಂಟು ತಾಸು ಎಕ್ಸ್‌ಚೇಂಜಿನ ಕುರ್ಚಿಯಲ್ಲಿ ಕೂತು ಬಂದವಳಿಗೆ ಇಂಥ ಗಾದೆ ಹೇಳಿದರೆ ಹೇಗಿರುತ್ತದೆ?

ಕಾರು ಹಿತ್ತಲ ಕೊಟ್ಟಿಗೆಯಲ್ಲಿತ್ತು. ವೈನಿಯ ಯಜಮಾನರು ಮೊದಲು ಸಣ್ಣದೊಂದು ಸಂಸ್ಥಾನದಲ್ಲಿ ಕಾರಭಾರಿಯಾಗಿದ್ದವರು. ಅಲ್ಲಿನ ಅರಸ ಹರೆಯದಲ್ಲಿ ಶೋಕಿಗೆಂದು ವಿಲಾಯತಿಯಿಂದ ತರಿಸಿದ ಕಾರಂತೆ ಅದು. ಸಂಸ್ಥಾನ ಮುಗಿದಾಗ ಆತ ಬೀಳ್ಕೊಡುಗೆಯಾಗಿ ಕಾರಭಾರಿಗೆ ಕೊಟ್ಟ. ಎರಡನೆಯ ಮಹಾಯುದ್ಧಕ್ಕೂ ಮುಂಚಿನದು, ತೆರೆದ ಕಾರು. ಮುಂದೆ ಇಬ್ಬರಿಗೆ ಜಾಗ, ಹಿಂದೆ ಡಿಕ್ಕಿಯ ಮುಚ್ಚಳ ಎತ್ತಿದರೆ ಒಬ್ಬರು ಮುದುಡಿಕೊಂಡು ಕೂಡುವಷ್ಟು ಸೀಟು. ಹನ್ನೆರಡು ಸಿಲಿಂಡರು, ಎರಡು ಸಾಲಿನಲ್ಲಿ ಆರಾರು. ಕಾರಭಾರಿಗಳು ಲೆಕ್ಕದ ಮನುಷ್ಯ. ಅದು ಕುಡಿಯುವ ಪೆಟ್ರೋಲು ನೋಡಿ ಎದೆ ಒಡೆದುಕೊಂಡು, ಹುಬ್ಬಳ್ಳಿಯ ಮೆಕ್ಯಾನಿಕ್ ಉಸ್ತಾದರನ್ನು ಕರೆಸಿ ಒಂದು ಸಾಲನ್ನು ಪೂರಾ ಬಂದ್ ಮಾಡಿಸಿದರು. ಉಸ್ತಾದರು ಆ ಸಾಲಿಗೆ ಪೆಟ್ರೋಲ್ ಹೋಗುವ ದಾರಿ ಮುಚ್ಚಿ, ಪ್ಲಗ್ಗಿನ ತಂತಿ ಕಳಚಿ, "ಆರು ಭಾಳ ಆತ್ರಿ ಸಾಹೇಬ್ರ, ಧಾರವಾಡಕ್ಕ ಇಷ್ಟ ಸಾಕು," ಎಂದು ಹೊರಟುಹೋದರು. ಅಂದಿನಿಂದ ಅದು ಕೆಮ್ಮುತ್ತ, ನಡುಗುತ್ತ ಓಡುತ್ತಿತ್ತು. ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನಿಂತಲ್ಲಿಗೆ ಎತ್ತು ಹೊಡೆದುಕೊಂಡು ಹೋಗಿ ಎಳೆದು ತರಬೇಕು.

ಯಜಮಾನರು ಇರುವ ತನಕ ವೈನಿಗೆ ಸ್ಟೀರಿಂಗ್ ಚಕ್ರ ಮುಟ್ಟಗೊಡಲಿಲ್ಲ. ಅವರು ಹೋದ ಮೇಲೆ ಈಕೆ ಉಸ್ತಾದರ ಬೆನ್ನು ಬಿದ್ದರು. ಬೆಳಗಿನ ಜಾವ ಊರ ಹೊರಗಿನ ಬಯಲಲ್ಲಿ ಕಾರು ಸುತ್ತು ಹೊಡೆಯುವುದು, ಪಕ್ಕದಲ್ಲಿ ಉಸ್ತಾದರು ದೇವರ ಹೆಸರು ಹೇಳಿಕೊಳ್ಳುತ್ತ ಕೂತಿರುವುದು, ಓಣಿಯ ಹೆಂಗಸರು ನೀರು ಹಿಡಿಯುವ ನೆವದಲ್ಲಿ ಕೊಡ ಹೊತ್ತು ಅಲ್ಲಿಗೆ ಹೋಗಿ ನೋಡುವುದು. ತಲೆಯ ಮೇಲಿನ ಸೆರಗು ಗಾಳಿಗೆ ಜಾರಬಾರದೆಂದು ವೈನಿ ಅದನ್ನು ಗದ್ದದ ಕೆಳಗೆ ಗಂಟು ಹಾಕಿಕೊಳ್ಳುತ್ತಿದ್ದರು. ಸೆರಗೂ ಬಿಡಲಿಲ್ಲ, ಸ್ಟೀರಿಂಗೂ ಬಿಡಲಿಲ್ಲ. ಚಕ್ರದ ಹಿಂದೆ ಕೂತಾಗ ಮಾತ್ರ ಆ ಮೈಯ ಚಡಪಡಿಕೆ ನಿಲ್ಲುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ವಕೀಲರು. ಅವರು ವೈನಿಯ ಭಾವ, ಯಜಮಾನರ ಅಣ್ಣ. ಪಕ್ಕದ ಮನೆಯಲ್ಲೇ ಇದ್ದರು; ತಮ್ಮ ಹೋದ ಮೇಲೆ ಎರಡೂ ಮನೆಯ ವ್ಯವಹಾರ ಅವರ ಕೈಗೆ ಬಂದಿತ್ತು. ಕರಿ ಕೋಟು, ಬಿಳಿ ರುಮಾಲು, ಕೈಯಲ್ಲಿ ಬೆತ್ತ. ಅವರ ಮನೆತನದ ಪದ್ಧತಿಯ ಪ್ರಕಾರ ಭಾವನೂ ತಮ್ಮನ ಹೆಂಡತಿಯೂ ನೇರ ಮಾತಾಡುವಂತಿಲ್ಲ. ವೈನಿ ಸೊಸೆಯಾಗಿ ಬಂದಾಗಿನಿಂದ ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಹೇಳಬೇಕಾದದ್ದನ್ನು ಮೂರನೆಯವರಿಗೆ ಹೇಳಬೇಕು, ಅವರು ಮುಟ್ಟಿಸಬೇಕು. ಮೊದಲು ಯಜಮಾನರು ಮುಟ್ಟಿಸುತ್ತಿದ್ದರು. ನಾನು ಬಾಡಿಗೆಗೆ ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಹಗಲೆಲ್ಲ ಎಕ್ಸ್‌ಚೇಂಜಿನಲ್ಲಿ ಈ ಊರಿನ ಮಾತು ಆ ಊರಿಗೆ ಜೋಡಿಸಿ ದಣಿದು ಬಂದರೆ, ಮನೆಯಲ್ಲಿ ಎದುರಾಬದುರು ಇರುವ ಇಬ್ಬರನ್ನು ಜೋಡಿಸಬೇಕು. ಇದಕ್ಕೆ ಪಗಾರವೂ ಇಲ್ಲ.

ಒಂದು ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಆ ಕಾರು ಮಾರುಕಟ್ಟೆಯ ನಟ್ಟನಡುವೆ ನಿಂತುಬಿಟ್ಟಿತು. ಎತ್ತು ಬಂದವು. ಮಂದಿ ಸೇರಿ ಕೇಕೆ ಹಾಕಿದರು. ಕೋರ್ಟಿಗೆ ಹೊರಟಿದ್ದ ವಕೀಲರು ಅದನ್ನು ಕಂಡರು. ಸಂಜೆ ನಮ್ಮ ಪಡಸಾಲೆಗೆ ಬಂದು ಕುರ್ಚಿಯಲ್ಲಿ ಕೂತರು. ವೈನಿ ಅಡಿಗೆಮನೆಯ ಬಾಗಿಲ ಹಿಂದೆ. ನಡುವೆ ನಾನು.

"ಹೇಳವಾ ಅಕಿಗೆ," ವಕೀಲರು ಶುರು ಮಾಡಿದರು. "ಹುಬ್ಬಳ್ಳಿಯಿಂದ ಎಣ್ಣಿ ಗಾಣದ ಸಾವುಕಾರ ಬಂದಿದ್ದ. ಎಂಜಿನ್ ಬಿಚ್ಚಿ ಗಾಣಕ್ಕ ಹಚ್ಚತಾನಂತ. ಕೊಟ್ಟುಬಿಡೂದು ಛಲೋ."

ಬಾಗಿಲ ಹಿಂದಿನಿಂದ ಬಂತು: "ಹೇಳು ಅವರಿಗೆ. ಗಾಣಕ್ಕ ಎತ್ತು ಇಲ್ಲೇನು ಅಂತ ಕೇಳು."

"ಎತ್ತೆಲ್ಲಾ ನಮ್ಮ ಕಾರು ಎಳಿಯಾಕ ಹೋಗ್ಯಾವ ಅಂತ ಹೇಳು."

ನನಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ನನ್ನನ್ನೇ ಗದರಿಸಿದರು. ಅದೊಂದು ಮಾತ್ರ ನೇರವಾಗಿ.

ವಕೀಲರು ಕೆಟ್ಟವರಲ್ಲ. ಮನೆಯ ಹೆಣ್ಣುಮಗಳನ್ನು ನೋಡಿ ಮಂದಿ ನಕ್ಕದ್ದು ಅವರ ಮನಸ್ಸಿಗೆ ಚುಚ್ಚಿತ್ತು. ಆದರೂ ವಕೀಲರಲ್ಲವೇ, ಸಾಕ್ಷಿ ಇಲ್ಲದೆ ತೀರ್ಪು ಕೊಡಬಾರದು ಎಂಬ ಚಟ. ಸ್ವಲ್ಪ ಹೊತ್ತು ಬೆತ್ತ ತಿರುವಿ, "ಹೇಳವಾ," ಎಂದರು. "ಅದು ಖರೇನ ಓಡತೈತಿ ಅಂತಿದ್ರ ಓಡಿಸಿ ತೋರಿಸಲಿ. ದಸರಾ ದಶಮಿಗೆ ಹೆಂಗೂ ಊರ ಸೀಮಿ ದಾಟಬೇಕು. ಅವತ್ತ ಹುಬ್ಬಳ್ಳಿಗೆ ಹೋಗಿ ಬರೂಣು. ನಾನೂ ಕೂಡ್ತೇನಿ. ನಡುವ ಎತ್ತು ಹೂಡಬಾರದು, ಮಂದಿ ನೂಕಬಾರದು. ಮನಿ ಬಾಗಲಕ್ಕ ತಾನಾಗಿ ಬಂದು ನಿಂತ್ರ ಕಾರು ಅಕಿದು, ನಾ ಮತ್ತ ಅದರ ಸುದ್ದಿ ತಗಿಯಂಗಿಲ್ಲ. ಇಲ್ಲಂದ್ರ ಮರುದಿವಸ ಸಾವುಕಾರ ಬಂಡಿ ತರ್ತಾನ."

ಬಾಗಿಲ ಹಿಂದೆ ಹೆಜ್ಜೆಯ ಸಪ್ಪಳ ಆಚೆ ಹೋಯಿತು, ಈಚೆ ಬಂತು, ಮತ್ತೆ ಆಚೆ ಹೋಯಿತು. ಆಮೇಲೆ, "ಹೂಂ ಅನ್ನು," ಎಂದರು ವೈನಿ.

ಮರುದಿನ ಬೆಳಿಗ್ಗೆ ನನಗೆ ಚಹಾ ಕೊಡುತ್ತ ವೈನಿ ಹೇಳಿದರು: "ಕಮಲಾ, ಆ ಕಾರು ಹೋತಂದ್ರ ಈ ಮನಿಗೆ ಒಳಗ ಬರೋ ಬಾಗಲಾ ಒಂದ ಉಳೀತೈತಿ ನೋಡು. ಹೊರಗ ಹೋಗೋದು ಮುಚ್ಚತೈತಿ." ಅವರು ತಮ್ಮ ಸಂಕಟ ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಹೇಳಿ ಅಲ್ಲಿ ನಿಲ್ಲಲೂ ಇಲ್ಲ.

ಉಸ್ತಾದರು ಬಂದರು. ಬಹಳ ಬಡಾಯಿಯ ಮನುಷ್ಯ. ವಿಮಾನವನ್ನೂ ರಿಪೇರಿ ಮಾಡಿದ್ದೇನೆ ಎನ್ನುವರು, ಯಾವ ಊರಲ್ಲಿ ಎಂದರೆ ಮಾತು ತಿರುಗಿಸುವರು. ವೈನಿ, "ಇನ್ನೊಂದು ಸಾಲೂ ಚಾಲೂ ಮಾಡ್ರಿ. ಹನ್ನೆರಡೂ ಬೇಕು," ಎಂದಾಗ ಅವರ ಬಡಾಯಿಯೆಲ್ಲ ಇಳಿಯಿತು.

"ಬಾಯೀಸಾಬ್, ಆ ಕಡೀ ಆರು ಮಲಕ್ಕೊಂಡು ಭಾಳ ದಿವಸ ಆತ್ರಿ. ಎಬ್ಬಿಸಿದ್ರ ಎದ್ದಾವೋ, ಸಿಟ್ಟಿಗೆದ್ದಾವೋ ಯಾರಿಗೆ ಗೊತ್ತು? ಆರರ ಮ್ಯಾಲ ನಿಧಾನಕ ಹೋಗಿ ಬರ್ರಿ."

"ಆರರ ಮ್ಯಾಲ ಹೋಗಿಯೇ ಎತ್ತಿನ ಹಿಂದ ಬಂದೇನಿ, ಉಸ್ತಾದ್. ಒಂದು ದಿವಸರೆ ಅದು ಹುಟ್ಟಿದಂಗ ಓಡ್ಲಿ."

ದಸರೆಯ ತನಕ ಹಿತ್ತಲಲ್ಲಿ ಗ್ರೀಸಿನ ವಾಸನೆ. ಉಸ್ತಾದರು ಕಾರಿನ ಕೆಳಗೆ, ವೈನಿ ಕಾರಿನ ಸುತ್ತ. ಖಂಡೇನವಮಿಗೆ ಒಂದು ದಿನ ಮುಂಚೆ ಎರಡು ಸಾಲೂ ಹತ್ತಿಕೊಂಡವು. ಮೊದಲು ದೊಡ್ಡದೊಂದು ಕೆಮ್ಮು, ಕರೀ ಹೊಗೆ, ಆಮೇಲೆ ಕೆಮ್ಮು ನಿಂತು ಒಂದೇ ಸಮನೆ ತುಂಬಿದ ದನಿ. ನಾನು ಆ ವರೆಗೆ ಆ ಕಾರಿನ ಕೆಮ್ಮನ್ನೇ ಅದರ ದನಿ ಎಂದುಕೊಂಡಿದ್ದೆ. ಉಸ್ತಾದರು ಟೊಪ್ಪಿಗೆ ತೆಗೆದು ನಿಂತರು. ವೈನಿಯ ಕಣ್ಣಲ್ಲಿ ನೀರು ಬಂತು, ಹೊಗೆ ಎಂದರು. ಮರುದಿನ ಕಾರಿಗೆ ಚೆಂಡುಹೂವಿನ ಮಾಲೆ, ಗಾಲಿಗೆ ನಿಂಬೆಹಣ್ಣು, ಪೂಜೆ ಎಲ್ಲ ಆಯಿತು.

ದಶಮಿಯ ಮಧ್ಯಾಹ್ನ ಹೊರಟೆವು. ವೈನಿ ಚಕ್ರದ ಹಿಂದೆ, ಸೆರಗಿಗೆ ಗಂಟು. ಪಕ್ಕದಲ್ಲಿ ವಕೀಲರು, ಮುಖವನ್ನು ಪೂರಾ ರಸ್ತೆಯ ಅಂಚಿಗೆ ತಿರುಗಿಸಿಕೊಂಡು. ಹಿಂದಿನ ಡಿಕ್ಕಿ ಸೀಟಿನಲ್ಲಿ ನಾನು, ಮಾತು ಮುಟ್ಟಿಸಲಿಕ್ಕೆ. ಇದೊಂದು ವಿಚಾರ ಯಾರ ತಲೆಗೂ ಬಂದಿರಲಿಲ್ಲ: ಪಡಸಾಲೆಯಲ್ಲಿ ನಡೆದ ಪದ್ಧತಿ ತೆರೆದ ಕಾರಿನಲ್ಲಿ ನಡೆಯುತ್ತದೆಯೇ ಎಂಬುದು.

ನವಲೂರಿನ ಇಳಿಜಾರು ದಾಟಿದ್ದೇ ತಡ, ಕಾರಿಗೆ ಹುಚ್ಚು ಹಿಡಿಯಿತು. ಹನ್ನೆರಡೂ ಎದ್ದಿದ್ದವು. ಎತ್ತಿನ ಬಂಡಿಗಳು, ಸೈಕಲ್ಲುಗಳು, ಬನ್ನಿ ತರಲು ಹೊರಟ ಮಂದಿ, ಎಲ್ಲರೂ ಹಿಂದೆ ಉಳಿದರು. ಗಾಳಿಗೆ ನನ್ನ ಹೆರಳು ಬಿಚ್ಚಿತು. ವಕೀಲರು ಒಂದು ಕೈಯಲ್ಲಿ ರುಮಾಲು, ಇನ್ನೊಂದರಲ್ಲಿ ಬೆತ್ತ ಹಿಡಿದು ಕಣ್ಣು ಮುಚ್ಚಿದ್ದರು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದರು. ಹುಬ್ಬಳ್ಳಿ ಬರುವಷ್ಟರಲ್ಲಿ ಎರಡೂ ತೆರೆದಿದ್ದವು. ಹುಬ್ಬಳ್ಳಿಯಲ್ಲಿ ವೈನಿ ನಿಲ್ಲಿಸಲೇ ಇಲ್ಲ. ನಿಲ್ಲಿಸಿದರೆ ಮತ್ತೆ ಚಾಲೂ ಆಗದಿದ್ದರೆ ಎಂಬ ಅಂಜಿಕೆ. ಊರೊಳಗೆ ಒಂದು ಸುತ್ತು ಹಾಕಿ ಹಾಗೇ ಮುಖ ತಿರುಗಿಸಿದರು.

ಪೆಟ್ರೋಲನ್ನು ಅವರು ರೂಢಿಯಂತೆ ಹಾಕಿಸಿದ್ದರು. ರೂಢಿ ಎಂದರೆ ಆರು ಸಿಲಿಂಡರಿನ ರೂಢಿ. ಹನ್ನೆರಡು ಬಾಯಿ ಕುಡಿಯುತ್ತವೆ ಎಂಬುದು ಆ ಸಂಭ್ರಮದಲ್ಲಿ ವೈನಿಗೂ ಹೊಳೆಯಲಿಲ್ಲ, ಉಸ್ತಾದರಿಗೂ ಹೊಳೆಯಲಿಲ್ಲ. ಹೊಳೆದದ್ದು ವಕೀಲರಿಗೆ. ಉಣಕಲ್ ಕೆರೆ ದಾಟುವಾಗ ಅವರ ಕಣ್ಣು ಪೆಟ್ರೋಲಿನ ಮುಳ್ಳಿನ ಮೇಲೆ ಬಿತ್ತು. ಮುಳ್ಳು ತಳ ಮುಟ್ಟುತ್ತಿತ್ತು. ಪಕ್ಕದಲ್ಲೇ ಒಂದು ಗೇಣು ದೂರದಲ್ಲಿ ವೈನಿ. ಅವರಿಗೆ ಹೇಳುವಂತಿಲ್ಲ. ಆದ್ದರಿಂದ ಹಿಂದೆ ತಿರುಗಿ ನನ್ನನ್ನು ನೋಡಿ ಏನೋ ಕೂಗಿದರು. ಬಾಯಿ ತೆರೆಯುವುದು ಕಾಣಿಸಿತು; ಎಂಜಿನ್ನಿನ ಗದ್ದಲದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ದೊಡ್ಡವರು ಏನೋ ಹೇಳುತ್ತಿದ್ದಾರೆ, ತಲೆಯಾಡಿಸದಿದ್ದರೆ ಮರ್ಯಾದೆಯಲ್ಲ ಎಂದು ತಲೆಯಾಡಿಸಿದೆ. ಸುದ್ದಿ ಮುಟ್ಟಿತೆಂದು ಅವರು ಸಮಾಧಾನದಿಂದ ಮುಂದೆ ತಿರುಗಿದರು.

ನವಲೂರಿನ ಏರು ಅರ್ಧ ಹತ್ತಿ ಕಾರು ಎರಡು ಸಲ ಬಿಕ್ಕಿ ನಿಂತಿತು. ಸುತ್ತಲೂ ಒಮ್ಮೆಲೇ ಮೌನ. ವೈನಿ ಬ್ರೇಕು ಎಳೆದು ಚಕ್ರದ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು.

"ಹೇಳವಾ ಅಕಿಗೆ," ಎಂದರು ವಕೀಲರು, "ಪೆಟ್ರೋಲ್ ಮುಗಿದೈತಿ ಅಂತ."

"ಹೇಳು ಅವರಿಗೆ," ಎಂದರು ವೈನಿ, "ತಿಳೀತು ಅಂತ."

ನನಗೆ ಅಳು ಬಂತು. ಕಣ್ಣಿಗೆ ಕಾಣುವ ದೂರದಲ್ಲಿ ಊರು, ಮರುದಿನ ಬೆಳಗಾದರೆ ಸಾವುಕಾರನ ಬಂಡಿ. ವೈನಿ ಮಾತ್ರ ಕೆಳಗಿಳಿದು ಸೀಟಿನ ಕೆಳಗಿದ್ದ ಪೆಟ್ರೋಲಿನ ಖಾಲಿ ಡಬ್ಬಿ ಕೈಗೆ ತೆಗೆದುಕೊಂಡು ರಸ್ತೆಯ ನಡುವೆ ನಿಂತುಬಿಟ್ಟರು. ಚೆಂಡುಹೂವಿನ ಮಾಲೆ ಹಾಕಿಕೊಂಡ ಲಾರಿಯೊಂದು ಬಂತು. ಕೈ ಅಡ್ಡ ಮಾಡಿದರು. ನಾನು ಬೇಡ ಎನ್ನುವುದರೊಳಗೆ ಸೀರೆ ಎತ್ತಿ ಕಟ್ಟಿ ಡ್ರೈವರನ ಪಕ್ಕ ಹತ್ತಿ ಕೂತು ಧಾರವಾಡದ ಕಡೆ ಹೊರಟೇಹೋದರು. ಮನೆತನದ ಸೊಸೆ ಲಾರಿ ಹತ್ತಿದ್ದನ್ನು ನೋಡಿ ವಕೀಲರು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಅಷ್ಟರಲ್ಲಿ ಬನ್ನಿ ಹಿಡಿದು ಬರುತ್ತಿದ್ದ ನವಲೂರಿನ ಮಂದಿ ಸುತ್ತ ಸೇರಿದರು. "ನೂಕತೇವ್ರಿ ವಕೀಲರ, ಏರು ಹತ್ತಿಸಿದ್ರ ಧಾರವಾಡ ಬಂದಂಗ," ಎಂದು ನಾಲ್ಕು ಜನ ಆಗಲೇ ಹೆಗಲು ಹಚ್ಚಿದರು. ವಕೀಲರು ಜಿಗಿದು ಕೆಳಗಿಳಿದರು. ಬೆತ್ತ ಎತ್ತಿ, "ತಗೀರಿ ಕೈ! ಯಾರೂ ಮುಟ್ಟಬ್ಯಾಡ್ರಿ ಕಾರು!" ಎಂದು ಗುಡುಗಿದರು. ಒಳ್ಳೆಯದು ಮಾಡಲು ಬಂದವರು ಬೆಪ್ಪಾಗಿ ದೂರ ಸರಿದರು. ವಕೀಲರು ಕಾರಿನ ಸುತ್ತ ತಿರುಗುತ್ತಲೇ ಇದ್ದರು, ಕರುವಿಗೆ ಕಾವಲಿದ್ದ ಹಾಗೆ. ನಾನು ಧೈರ್ಯ ಮಾಡಿ ಕೇಳಿದೆ: "ಮಾರಬೇಕು ಅಂದೋರು ನೀವ ಅಲ್ರಿ? ನೂಕಲಿ ಬಿಡ್ರಿ, ನೀವು ಗೆದ್ದಂಗಾತು."

ಅವರು ಬೆತ್ತದ ತುದಿಯಿಂದ ಗಾಲಿಯ ಮಣ್ಣು ಕೆರೆದರು. ಆಮೇಲೆ, "ಅಕಿ ಸೋಲೂದಾದ್ರ ತಾ ಸೋಲ್ಲಿ, ಮಂದಿ ಕೈಯಿಂದ ಬ್ಯಾಡ," ಎಂದರು. ಮತ್ತೊಂದು ಸುತ್ತು ಹಾಕಿ ಬಂದು ದನಿ ಇಳಿಸಿ ಹೇಳಿದರು: "ಒಂದು ಸಾಲು ಬಂದ್ ಮಾಡಿಸು ಅಂತ ತಮ್ಮಗ ಬುದ್ಧಿ ಹೇಳಿದವ ನಾನ ಇದ್ದೆ. ಇಷ್ಟು ಓಡತೈತಿ ಅಂತ ನಮಗ ಯಾರಿಗೆ ಗೊತ್ತಿತ್ತು?" ಅಷ್ಟು ದೊಡ್ಡ ಮನುಷ್ಯ ಹಾಗೆ ನಿಂತದ್ದನ್ನು ನೋಡಿ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಹೊತ್ತು ಇಳಿಯುವ ಹೊತ್ತಿಗೆ ವೈನಿ ಯಾರದೋ ಟಾಂಗಾದಲ್ಲಿ ಬಂದರು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಕಾರಿನ ಸುತ್ತ ನಿಂತ ಮಂದಿಯನ್ನೂ ಬೆತ್ತ ಹಿಡಿದು ನಿಂತ ಭಾವನನ್ನೂ ನೋಡಿ ಅವರ ಮುಖ ಬಿಳುಚಿತು. "ನೂಕಿದ್ರೇನು?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ವಕೀಲರು ರಸ್ತೆ ಬದಿಯ ಬೇವಿನ ಮರಕ್ಕೆ ಹೇಳಿದರು: "ಯಾರೂ ಮುಟ್ಟಿಲ್ಲ." ವೈನಿ ಪೆಟ್ರೋಲ್ ಹಾಕಿ, ಸೆರಗಿನ ಗಂಟು ಬಿಗಿ ಮಾಡಿಕೊಂಡು ಚಾಲೂ ಮಾಡಿದರು. ಒಂದೆರಡು ಸಲ ಸತಾಯಿಸಿ ಹನ್ನೆರಡೂ ಎದ್ದವು.

ಓಣಿಗೆ ಬಂದಾಗ ದೀಪ ಹಚ್ಚುತ್ತಿದ್ದರು. ನಮ್ಮ ಬಾಗಿಲ ಮುಂದೆ ಜಾತ್ರೆ ಸೇರಿದಂತೆ ಮಂದಿ. ವಕೀಲರ ಹೆಂಡತಿ, ನೆರೆಹೊರೆಯವರು, ಉಸ್ತಾದರು, ಬಂಡಿಯ ಮಾತು ಪಕ್ಕಾ ಮಾಡಲು ಬಂದಿದ್ದ ಗಾಣದ ಸಾವುಕಾರನೂ ಇದ್ದ. ಎಲ್ಲರ ಕೈಯಲ್ಲೂ ಬನ್ನಿ. ಕಾರು ತಾನಾಗಿಯೇ ಬಂದು ಬಾಗಿಲಿಗೆ ನಿಂತಿತು. ಉಸ್ತಾದರು ಶಿಳ್ಳೆ ಹಾಕಿದರು. ಸಾವುಕಾರ ಕಾರಿನ ಎದುರಿಗೆ ಬಂದು ವಕೀಲರ ಮುಖವನ್ನೇ ನೋಡುತ್ತ ನಿಂತ. ತೀರ್ಪು ಅವರ ಬಾಯಿಂದ ಬರಬೇಕಿತ್ತು. ವೈನಿಯೂ ಕಾಯುತ್ತಿದ್ದರು. ಎಂಜಿನ್ನು ಆರಿಸಲು ಕೈ ಚಾಚಿದರು.

ವಕೀಲರು ನನ್ನ ಕಡೆ ತಿರುಗುತ್ತಾರೆಂದು ನಾನು ಮುಂದೆ ಬಾಗಿ ಕೂತೆ. ಅವರು ತಿರುಗಿದ್ದು ವೈನಿಯ ಕಡೆಗೆ. ಹೆಂಡತಿ, ಓಣಿ, ಸಾವುಕಾರ, ಎಲ್ಲರೂ ನೋಡುತ್ತಿದ್ದಂತೆ ಅವರ ಮುಖವನ್ನೇ ನೋಡಿ ಹೇಳಿದರು.

"ಬಂದ್ ಮಾಡಬ್ಯಾಡವಾ. ಇನ್ನೊಮ್ಮೆ ಹೋಗಿ ಬರೂಣು."

ವೈನಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಚಕ್ರದ ಮೇಲಿಟ್ಟರು. ಎದುರಿಗಿದ್ದ ಸಾವುಕಾರ ಸರಿಯುವ ತನಕ ಕಾದರು. ಆಮೇಲೆ, ಸೊಸೆಯಾಗಿ ಆ ಮನೆಯ ಹೊಸ್ತಿಲು ದಾಟಿದ ದಿನದಿಂದ ಭಾವನೊಡನೆ ಮಾತು ಆಡದೇ ಇದ್ದವರು, ಆಡಿದರು.

"ಗಟ್ಟಿ ಹಿಡಕೋರಿ, ಭಾವಾರ."

ನಾನು ಮುಟ್ಟಿಸಬೇಕಾದ ಮಾತು ಇನ್ನೊಂದೂ ಇರಲಿಲ್ಲ. ಕಾರಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಹಿಂದೆ ಸುಮ್ಮನೆ ಕೂತೆ.